ಮೊದಲು ತೆಗೆಯುವ ಲೈನು

ಊರಿನವರು ಅವನನ್ನು ತಕ್ಕಡಿ ಎಂದು ಕರೆಯುತ್ತಿದ್ದರು. ಅದು ಹೊಗಳಿಕೆಯೇ, ಬೈಗುಳವಲ್ಲ. ಸಬ್‌ಸ್ಟೇಷನ್ನಿನಲ್ಲಿ ಕೂತು ಯಾವ ಲೈನಿಗೆ ಕರೆಂಟು ಬಿಡಬೇಕು, ಯಾವುದಕ್ಕೆ ತೆಗೆಯಬೇಕು ಎಂದು ಸ್ವಿಚ್ಚು ತಿರುಗಿಸುವ ಆಪರೇಟರು ಅವನು. ಅವನಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವನ ಕಾಲದಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಊರೆಲ್ಲ ಕತ್ತಲಲ್ಲಿದ್ದರೂ ಆ ಮಹಾರಾಯನ ಬೀದಿಯಲ್ಲಿ ದೀಪ ಉರಿಯುತ್ತಿತ್ತು. ಜನ ಕಲ್ಲು ಹಿಡಿದು ಬಂದರು; ಕಿಟಕಿಯ ಗಾಜಿನಲ್ಲಿ ಬಿರುಕು ಇನ್ನೂ ಇದೆ.

ತಕ್ಕಡಿ ಆ ಕುರ್ಚಿಗೆ ಬಂದ ಹೊಸತರಲ್ಲೇ ತನಗೆ ತಾನೇ ಒಂದು ನಿಯಮ ಹಾಕಿಕೊಂಡ. ಕರೆಂಟು ಸಾಲದೆ ಬಂದಾಗ ಮೊದಲು ತೆಗೆಯುವುದು ತನ್ನ ಮನೆ, ತನ್ನ ಬೀದಿ ಇರುವ ಲೈನನ್ನು. ಒಂದು ಗಂಟೆ ಅದು, ಆಮೇಲೆ ಸರದಿಯ ಮೇಲೆ ಮಾರುಕಟ್ಟೆಯದು, ಕಾರ್ಖಾನೆಯದು. ಆಸ್ಪತ್ರೆಯ ಲೈನನ್ನು ಮಾತ್ರ ಮುಟ್ಟುವ ಹಾಗಿರಲಿಲ್ಲ. ಯಾವ ಸಾಹೇಬರೂ ಇದನ್ನು ಕೇಳಿರಲಿಲ್ಲ. ಆದರೆ ಅಂದಿನಿಂದ ಯಾರೂ ಗೇಟಿನ ಮುಂದೆ ಬಂದು ಕೂಗಾಡಲಿಲ್ಲ. ಚಹಾ ಅಂಗಡಿಯವನು ಅವನನ್ನು ಕಂಡರೆ ಕೂತ ಗಿರಾಕಿಯನ್ನು ಎಬ್ಬಿಸಿ ಜಾಗ ಕೊಡುತ್ತಿದ್ದ. ಒಳ್ಳೆಯ ಹೆಸರಿನ ರುಚಿ ಕೆಟ್ಟದ್ದು ನೋಡಿ, ಒಮ್ಮೆ ನಾಲಿಗೆಗೆ ಹತ್ತಿದರೆ ಬಿಡುವುದಿಲ್ಲ.

ಹೆಂಡತಿ ಮಾತ್ರ ಈ ಹೆಸರನ್ನು ಒಪ್ಪಿರಲಿಲ್ಲ. ಕರೆಂಟು ಹೋದಾಗಲೆಲ್ಲ ಬೀಸಣಿಗೆ ಹುಡುಕುತ್ತಾ, "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ನಗುತ್ತಿದ್ದಳು. ಅವಳ ಜೊತೆ ಅಕ್ಕನೂ ನಗುತ್ತಿದ್ದಳು. ಅಕ್ಕ ಎಂದರೆ ತಕ್ಕಡಿಯ ಒಡಹುಟ್ಟಿದವಳು. ತಾಯಿ ಸತ್ತಮೇಲೆ ಹೊಲಿಗೆ ಯಂತ್ರ ತುಳಿದು ಅವನನ್ನು ಓದಿಸಿದವಳು. ಲಕ್ವ ಹೊಡೆದು ಮೈಯ ಒಂದು ಪಕ್ಕ ಬಿದ್ದುಹೋದಮೇಲೆ ತಮ್ಮನ ಮನೆಯಲ್ಲೇ ಇದ್ದಳು. ಮನೆ ಕಟ್ಟಡದ ಕೊನೆಯ ಮಹಡಿಯಲ್ಲಿತ್ತು. ಮೇಲೆ ಬರೀ ತಾರಸಿ, ಅದರ ಮೇಲೆ ಸೂರ್ಯ.

ಬೇಸಿಗೆ ಹಿಂದೆಲ್ಲ ನೆಂಟರ ಹಾಗೆ ಬಂದು ಹೋಗುತ್ತಿತ್ತು. ಈಚೆಗೆ ಬಾಡಿಗೆ ಕೊಡದೆ ತಳವೂರಿದವನ ಹಾಗೆ ಬಿಡಿಸಿದರೂ ಬಿಡುತ್ತಿರಲಿಲ್ಲ. ಆ ವರ್ಷ ರಾತ್ರಿ ಕೂಡ ಗೋಡೆ ತಣ್ಣಗಾಗಲಿಲ್ಲ, ನಲ್ಲಿಯಲ್ಲಿ ಬರುವ ನೀರು ಕೈ ಸುಡುತ್ತಿತ್ತು. ವಿಪರೀತ ಸೆಕೆಗೆ ಆಗಲೇ ಒಂದಿಬ್ಬರು ಮುದುಕರು ಹೋಗಿದ್ದರು. ವಯಸ್ಸಾಗಿತ್ತು ಎಂದು ಜನ ಸಮಾಧಾನ ಮಾಡಿಕೊಂಡಿದ್ದರು.

ಅವತ್ತು ಬೆಳಿಗ್ಗೆ ಅವನು ಚಪ್ಪಲಿ ಹಾಕಿಕೊಳ್ಳುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ರೀ, ಇವತ್ತೊಂದು ದಿನ ನಮ್ಮದನ್ನ ಕೊನೆಗೆ ತೆಗೀರಿ. ಅಕ್ಕನ ಮೈ ಮುಟ್ಟಿ ನೋಡಿ, ಕಾದ ಹೆಂಚಿನ ಹಾಗಿದೆ. ಫ್ಯಾನ್ ನಿಂತರೆ ತಡ್ಕೊಳ್ಳಲ್ಲ ಅವರು."

"ಒಂದು ಗಂಟೆ ತಾನೇ? ಒದ್ದೆ ಬಟ್ಟೆ ಹಾಕ್ತಾ ಇರು. ಇಷ್ಟು ವರ್ಷ ಮಾಡಿದ್ದನ್ನ ಇವತ್ತು ಬಿಟ್ಟರೆ ನಾಳೆ ಅಂಗಡಿ ಮುಂದೆ ತಲೆ ಎತ್ತಿ ಹೇಗೆ ಓಡಾಡ್ಲಿ?"

ಅವಳು ಮಾರಿ, ಉಪಕಾರಿ ಎನ್ನಲಿಲ್ಲ, ನಗಲೂ ಇಲ್ಲ. ಒಳಗಿನಿಂದ ಅಕ್ಕ, ಬಾಯಿಯ ಸರಿಯಿದ್ದ ಪಕ್ಕದಿಂದ, ಅವನನ್ನು ಕಳಿಸು, ಕೆಲಸಕ್ಕೆ ಹೊತ್ತಾಯಿತು ಎಂದು ತೊದಲಿದಳು. ತಮ್ಮನ ಹೆಸರಿನ ಮೇಲೆ ಅವಳಿಗೂ ಅಷ್ಟೇ ಅಭಿಮಾನ.

ಮಧ್ಯಾಹ್ನ ಮೇಲಿನ ಕಚೇರಿಯಿಂದ ಫೋನು ಬಂತು. ನದಿಯ ನೀರೇ ಬಿಸಿಯಾಗಿ ಯಂತ್ರಗಳನ್ನು ತಂಪು ಮಾಡಲಾಗದೆ ದೊಡ್ಡ ವಿದ್ಯುತ್ ಸ್ಥಾವರವೊಂದು ನಿಂತಿತ್ತು. ಈಗಿಂದೀಗಲೇ ಲೋಡು ಇಳಿಸಬೇಕಿತ್ತು, ಅಂದರೆ ಯಾವುದಾದರೊಂದು ಲೈನು ತೆಗೆಯಬೇಕಿತ್ತು. ತಕ್ಕಡಿಯ ಕೈ ಮೊದಲು ಮಾರುಕಟ್ಟೆಯ ಸ್ವಿಚ್ಚಿನ ಹತ್ತಿರ ಹೋಯಿತು, ಸುಳ್ಳು ಹೇಳಬಾರದು. ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಕೈ ಪಕ್ಕಕ್ಕೆ ಸರಿಯಿತು. ಅವನು ತನ್ನ ಮನೆಯ ಲೈನನ್ನೇ ತೆಗೆದ.

ಗಂಟೆ ಕಳೆಯಿತು. ಮಾರುಕಟ್ಟೆಯದನ್ನು ತೆಗೆದು ತನ್ನದನ್ನು ಹಾಕಿದ. ಹಾಕಿದ ತಕ್ಷಣ ಬ್ರೇಕರು ಧಡಾರನೆ ಬಿದ್ದು ಲೈನು ಮತ್ತೆ ಸತ್ತಿತು. ಮತ್ತೆ ಹಾಕಿದ, ಮತ್ತೆ ಬಿತ್ತು.

ಹೀಗಾಗುವುದೇಕೆ ಎಂದು ಅವನಿಗೆ ಗೊತ್ತಿತ್ತು. ಈ ಬೇಸಿಗೆಯಲ್ಲಿ ಬೀದಿಯವರೆಲ್ಲ ಹೊಟ್ಟೆಬಟ್ಟೆ ಕಟ್ಟಿ ಕೂಲರೋ ಎಸಿಯೋ ಕೊಂಡಿದ್ದರು. ಕರೆಂಟು ಹೋದರೆ ಯಾರೂ ಸ್ವಿಚ್ಚು ಆರಿಸುವುದಿಲ್ಲ, ಬಂದ ಕೂಡಲೇ ತಂಪಾಗಲಿ ಎಂದು ಹಾಗೇ ಬಿಡುತ್ತಾರೆ. ಎಲ್ಲವೂ ಒಟ್ಟಿಗೆ ಶುರುವಾದರೆ ಲೈನು ತಾಳುವುದಿಲ್ಲ. ಗೊತ್ತಿದ್ದೂ ಇದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂದು ಗಂಟೆಯ ನಿಯಮ ಮಾಡಿದ್ದು ಹಳೆಯ ಬೇಸಿಗೆಯನ್ನು ನೋಡಿ.

ಲೈನ್‌ಮನ್ ಕಂಬ ಹತ್ತಿ ಬೀದಿಯ ಲೈನನ್ನು ತುಂಡು ತುಂಡಾಗಿ ಬಿಡಿಸಿ, ಒಂದೊಂದಕ್ಕೇ ಕರೆಂಟು ಕೊಟ್ಟರೆ ಕೆಲಸ ಆಗುತ್ತಿತ್ತು. ಆದರೆ ಅವನು ಸುಟ್ಟುಹೋದ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಊರಾಚೆ ಸಿಕ್ಕಿಬಿದ್ದಿದ್ದ. ತಕ್ಕಡಿ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಅಷ್ಟರಲ್ಲಿ ಹೆಂಡತಿಯೇ ಫೋನು ಮಾಡಿದಳು. ಅಕ್ಕನಿಗೆ ಮೇಲುಸಿರು, ಆಟೋದವರು ಯಾರೂ ಈ ಬಿಸಿಲಿಗೆ ಬರುತ್ತಿಲ್ಲ, ಆಂಬುಲೆನ್ಸಿನವರು ಬರುತ್ತೇವೆ ಎಂದು ಎಷ್ಟೋ ಹೊತ್ತಾಯಿತು ಎಂದಳು.

"ಕೆಳಗೆ ಹೋಗು. ಮನೆಮನೆಗೂ ಹೋಗಿ ಕೂಲರು, ಎಸಿ ಎಲ್ಲ ಆರಿಸೋಕೆ ಹೇಳು. ಆಗ ಮಾತ್ರ ಲೈನು ನಿಲ್ಲುತ್ತೆ."

"ಅಕ್ಕನ್ನ ಒಬ್ಬರನ್ನೇ ಬಿಟ್ಟು ಹೋಗ್ಲಾ?"

"ಹೋಗು," ಎಂದ.

ಅವಳು ಹೋದಳು. ಒಬ್ಬರು ಆರಿಸಿದರು, ಒಬ್ಬರು ಹೂಂ ಎಂದು ಬಾಗಿಲು ಹಾಕಿಕೊಂಡರು, ಇನ್ನೊಬ್ಬರು ಪಕ್ಕದ ಮನೆಯವರು ಆರಿಸಿದ್ದಾರಾ ಎಂದು ವಿಚಾರಣೆ ಮಾಡಿದರು. ಕಾಲಿಗೆ ಬಿದ್ದು ಬೇಡುತ್ತಾ ಬೀದಿಯ ತುದಿ ಮುಟ್ಟಿದಳು. ಅತ್ತ ಅವನು ಮತ್ತೆ ಸ್ವಿಚ್ಚು ತಿರುಗಿಸಿದ. ಈ ಸಲ ಬ್ರೇಕರು ಬೀಳಲಿಲ್ಲ. ಕಣ್ಣಲ್ಲಿ ನೀರು ಬಂದು ಅವನು ಮೀಟರಿನ ಮುಳ್ಳನ್ನೇ ನೋಡುತ್ತಾ ನಿಂತ. ಮೆಟ್ಟಿಲು ಹತ್ತಿ ಅವಳು ಮನೆಗೆ ಬಂದಾಗ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅಕ್ಕನ ಹಣೆಯ ಮೇಲಿನ ಬಟ್ಟೆ ಒಣಗಿ ಗಾಳಿಗೆ ಹಾರಿ ನೆಲಕ್ಕೆ ಬಿದ್ದಿತ್ತು. ಅಕ್ಕನ ಉಸಿರು ನಿಂತಿತ್ತು.

ಬದಲಿ ಆಪರೇಟರು ಬಂದಮೇಲೆ ತಕ್ಕಡಿ ಮನೆಗೆ ಬಂದ. ಕೋಣೆ ತುಂಬ ಜನ. ಬಾಗಿಲು ಹಾಕಿಕೊಂಡವರೂ ಬಂದಿದ್ದರು. ಚಹಾ ಅಂಗಡಿಯವನು ಎದ್ದು ಜಾಗ ಕೊಟ್ಟು, ಹೆತ್ತ ತಾಯಿಯಂಥವಳು ಮಲಗಿದ್ದರೂ ತನ್ನ ಮನೆಯದನ್ನೇ ಮೊದಲು ತೆಗೆದ ಮನುಷ್ಯ, ಇಂಥವರು ಎಲ್ಲಿ ಸಿಗುತ್ತಾರೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅವನು ಮನಸಾರೆ ಹೇಳಿದ ಮಾತೇ ಅದು. ತಕ್ಕಡಿಗೆ ಅವನ ಕತ್ತು ಹಿಸುಕಬೇಕೆನ್ನಿಸಿತು. ಅದಕ್ಕಿಂತ ಹೆಚ್ಚಾಗಿ ತನ್ನದನ್ನು.

ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅವನ ಕಡೆ ನೋಡಲಿಲ್ಲ.

ಆಗ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಬದಲಿ ಆಪರೇಟರು. ಮತ್ತೆ ಲೋಡು ಇಳಿಸಲು ಹೇಳಿದ್ದಾರೆ, ಸುದ್ದಿ ಕೇಳಿದೆ, ಇಂಥ ಹೊತ್ತಲ್ಲಿ ಕೇಳಬಾರದು, ಆದರೂ ವಾಡಿಕೆಯ ಹಾಗೆ ನಿಮ್ಮ ಲೈನನ್ನೇ ಮೊದಲು ತೆಗೆಯಲೇ ಎಂದು ಅವನು ಹಿಂಜರಿಯುತ್ತಾ ಕೇಳಿದ.

ತಕ್ಕಡಿ ತಲೆ ಎತ್ತಿ ಫ್ಯಾನು ನೋಡಿದ. ಅದರ ಗಾಳಿಗೆ ಅಕ್ಕನ ಕಿವಿಯ ಪಕ್ಕದ ಬಿಳಿಕೂದಲು ಅಲ್ಲಾಡುತ್ತಿತ್ತು.

"ಬೇಡ," ಎಂದ. "ಇವತ್ತೊಂದು ದಿನ ನಮ್ಮದನ್ನ ಕೊನೆಗೆ ತೆಗಿ."

ಹೆಂಡತಿ ಆಗ ಅವನ ಮುಖ ನೋಡಿದಳು. ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು ಕೇಳಿದ್ದು ಅದೇ ಮಾತನ್ನು. ಅವಳು ನೆಲಕ್ಕೆ ಕೈಯೂರಿ ಎದ್ದಳು. ಜನರ ನಡುವೆ ದಾರಿ ಮಾಡಿಕೊಂಡು ಗೋಡೆಯ ಹತ್ತಿರ ಹೋಗಿ ಫ್ಯಾನು ಆರಿಸಿದಳು.