ಚೀಟಿ ಕಿತ್ತ ಡಬ್ಬಿ

ಡಾಕ್ಟರ ಕನ್ನಡಕದ ಎರಡೂ ಗಾಜಿನಲ್ಲಿ ಒಂದೊಂದು ಟ್ಯೂಬ್‌ಲೈಟ್, ತಲೆ ತಗ್ಗಿಸಿದರೆ ಆರುತ್ತವೆ, ಎತ್ತಿದರೆ ಹತ್ತುತ್ತವೆ — ಓದುತ್ತಿರುವುದು ನನ್ನ ವೀರ್ಯದ ರಿಪೋರ್ಟು, ಶಿವಾಜಿನಗರದ ಈ ಕ್ಲಿನಿಕ್ಕಿನ ಬಾತ್‌ರೂಮಿನಲ್ಲಿ ಬಾಗಿಲಿಗೆ ಒರಗಿ ನಿಂತು ಕೊಟ್ಟ ಸ್ಯಾಂಪಲ್ಲಿನದು, ಈರೇಶ, ನಿಮ್ಮ ಕೌಂಟ್ ಸೊನ್ನೆ ಇದೆ, ಪೌಡರ್ ಮಾತ್ರೆ ಏನಾದ್ರೂ ತಗೋತಿದ್ದೀರಾ? ಸೊನ್ನೆ. ನನಗೇನೂ ಅನ್ನಿಸಲಿಲ್ಲ, ಹೊರಗೆ ಆಟೊಗಳು ಹಾರ್ನ್ ಹೊಡೆಯುತ್ತಲೇ ಇದ್ದವು. ಚೀಲದಿಂದ ಪುಡಿಯ ಡಬ್ಬಿ ತೆಗೆದಿಟ್ಟೆ. ಇದರ ಚೀಟಿ ಎಲ್ಲಿ? ಕಿತ್ತೀನ್ರಿ ಸರ್. ನೀರಲ್ಲಿ ನೆನೆಸಿ, ಉಗುರಿನಿಂದ ಕೆರೆದು — ಕುದುರೆಯ ಚಿತ್ರ, ಕೆಳಗೆ ಗಂಡಸರ ಶಕ್ತಿಗೆ ಎಂದು, ಕೆ.ಆರ್. ಪುರದ ನಮ್ಮ ವಠಾರದಲ್ಲಿ ಎಂಟು ಮನೆಗೆ ಒಂದೇ ನಲ್ಲಿ, ಒಬ್ಬರ ಡಬ್ಬಿಯನ್ನು ಎಲ್ಲರೂ ಓದುತ್ತಾರೆ. ಇಂದಿರಾನಗರದ ಜಿಮ್ಮಿನಲ್ಲಿ ನಾನು ನೆಲ ಒರೆಸುತ್ತೇನೆ, ಅಲ್ಲಿಯ ಟ್ರೈನರ್ ಆನಂದ್ ಕೊಟ್ಟದ್ದು, ಮೂರ್ ತಿಂಗ್ಳು ಹಾಲಲ್ಲಿ ಹಾಕ್ಕೊಂಡು ಕುಡಿ ಗುರು, ನೀನೇ ಸ್ವೀಟ್ ತಂದ್ಕೊಡ್ತೀಯ. ಮೂರು ಆರಾಯಿತು. ಪಕ್ಕದ ಮನೆಯ ಫಹ್ಮಿದಾ ಏನದು ಎಂದಾಗ ಬಾಯಿಗೆ ಬಂದದ್ದು, ನಮ್ಮ ಲಕ್ಷ್ಮಿದೇವಿಗ್ರಿ, ಕೂಸಿಗಂತ ಡಾಕ್ಟ್ರು ಕೊಟ್ಟಾರ. ಲಕ್ಷ್ಮಿದೇವಿ, ನನ್ನ ಹೆಂಡತಿ, ಅಲ್ಲೇ ಬಟ್ಟೆ ಹಿಂಡುತ್ತಿದ್ದಳು, ಹಿಂಡಿದ್ದನ್ನೇ ಮತ್ತೆ ಹಿಂಡಿದಳು. ಅಂದಿನಿಂದ ಕೊರತೆ ಅವಳದಾಯಿತು. ಊರಿನಿಂದ ಅವ್ವ ಫೋನಿನಲ್ಲಿ ಅವಳಿಗೇ ಹೇಳುವಳು, ಔಷಧ ಬಿಡಬ್ಯಾಡ ಯವ್ವಾ, ನಾನು ಗೋಡೆ ನೋಡುತ್ತ ಕೂರುವೆ, ನಾಚಿಕೆಯಾಗುತ್ತದೆ, ಹಾಯೆನ್ನಿಸುವುದೂ ಉಂಟು, ಸುಳ್ಳು ಯಾಕೆ ಹೇಳಲಿ.

ಡಾಕ್ಟರು ಪುಡಿಯನ್ನು ಬೆರಳಲ್ಲಿ ತಿಕ್ಕುತ್ತಿದ್ದಾರೆ, ಇಂಥದ್ರಲ್ಲಿ ಗಂಡಸರ ಹಾರ್ಮೋನ್ ಬೆರೆಸಿರ್ತಾರೆ, ಟೆಸ್ಟ್ ಮಾಡಿಸೋಣ, ಹೊರಗಿಂದ ಸಿಕ್ರೆ ದೇಹ ವೀರ್ಯಾಣು ಮಾಡೋದನ್ನೇ ನಿಲ್ಲಿಸಿಬಿಡುತ್ತೆ, ಇವತ್ತೇ ಬಿಡಿ, ತಿಂಗಳುಗಳು ಹಿಡಿದ್ರೂ ಸರಿಹೋಗ್ಬಹುದು — ಮಗು ಬೇಕೆಂದು ಕುಡಿದೆ, ಅದೇ ಮಗುವನ್ನು ತಡೆದಿದೆ, ಚೆನ್ನಾಗಿದೆ ನನ್ನ ಬುದ್ಧಿ — ಮನೇಲಿ ಹೆಂಗಸರು ಯಾರೂ ಇದನ್ನ ಕುಡಿದಿಲ್ಲ ತಾನೆ, ಅವರಿಗೆ ಮುಟ್ಟು ಏರುಪೇರಾಗುತ್ತೆ, ಮುಖದ ಮೇಲೆ ಕೂದಲು ಬರುತ್ತೆ. ಇಲ್ರಿ ಸರ್ ಅಂದೆ. ಅಂದುಬಿಟ್ಟೆ. ಬೆಳಿಗ್ಗೆ ಎರಡು ಲೋಟ ಇರುತ್ತಿದ್ದವು, ಒಂದು ನನ್ನದು, ಒಂದು ಹೆಂಡತಿಯದು, ಎಲ್ಲರಿಗೂ ನನ್ನ ಔಷಧ ಅಂತ ಹೇಳೀರಿ, ಕುಡೀದಿದ್ರ ಹ್ಯಾಂಗ್ರಿ, ನಾನೂ ಕುಡೀತೀನಿ, ಎಂದಿದ್ದಳು, ನಾನು ಬೇಡ ಅನ್ನಲಿಲ್ಲ, ಅವಳು ಕುಡಿದರೆ ನನ್ನ ಸುಳ್ಳಿಗೆ ಕಾಲು ಬರುತ್ತಿತ್ತು. ಹೋದ ವಾರ ನಾನೇ ಚೇಷ್ಟೆ ಮಾಡಿದೆ, ಏನಲೇ, ನಿನಗೂ ಮೀಸಿ ಬಂತಲ್ಲ, ಅವಳು ನಕ್ಕಳು, ಮರುದಿನದಿಂದ ಬಾಯಿಗೆ ಸೆರಗು. ಈಗ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ, ಎದ್ದು ಹೋಗಿ ಕರೆಯಬೇಕು, ಎರಡೇ ಹೆಜ್ಜೆ, ಕಣ್ಣ ಮುಂದೆ ಅವಳು ಹಾಲು ಕುಡಿದು ಲೋಟ ಕೆಳಗಿಡುತ್ತಾಳೆ, ಎದ್ದೇಳು ಈರೇಶ, ಮೇಲ್ತುಟಿಯ ಮೇಲೆ ಕೆನೆ, ಸರ್, ಸುಳ್ಳು ಹೇಳಿದೆ, ಅವಳೂ ಕುಡಿದಾಳ್ರಿ ಎನ್ನುತ್ತಿದೆ ಯಾರದೋ ದನಿ, ನನ್ನದೇ, ಡಾಕ್ಟರು ಏನೋ ಕೇಳುತ್ತಿದ್ದಾರೆ, ಕೆನೆಯಲ್ಲಿ ಸಣ್ಣ ಕಪ್ಪು ಕೂದಲು, ಎಷ್ಟು ದಿನದಿಂದ ಎಂದು ಕೇಳುತ್ತಿದ್ದಾರೆ, ಕೆನೆ, ಕಪ್ಪು ಕೂದಲು, ಕೆನೆ