ತುದಿಗಾಲಲ್ಲಿ ನಿಂತವರು

“ಸತ್ತ ಮನೆ ಅಂದ್ರೆ ಬಾಗಿಲು ಅರ್ಧ ತೆರೆದಿರೋ ಮನೆ ಅಂತ ತಿಳ್ಕೊಳ್ಳಿ. ಇನ್ನರ್ಧ ತಳ್ಳೋದಷ್ಟೇ ನಿಮ್ಮ ಕೆಲಸ,” ಎಂದ ವೇದಿಕೆಯ ಮೇಲಿನವನು. ಹಾಲ್ ತುಂಬ ನಗು. ನಾನು ಮೊದಲ ಸಾಲಿನವರಿಗೆ ಕಾಫಿ ಬಗ್ಗಿಸುತ್ತಿದ್ದೆ.

ಮೆಂಫಿಸ್ಸಿನ ಈ ಹೋಟೆಲಿನಲ್ಲಿ ಮದುವೆ ಔತಣಕ್ಕೂ ನಾನೇ, ಇಂಥ ತರಬೇತಿಗೂ ನಾನೇ. ಕಾಫಿ ಕೊಡುವ ಕರಿಯ ಹೆಂಗಸನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಎಲ್ಲವೂ ಕಿವಿಗೆ ಬೀಳುತ್ತದೆ. ಅಂದಿನ ಪಾಠ, ಕೈಯಲ್ಲಿ ಕಾಸಿಲ್ಲದೆ ಮನೆ ವ್ಯಾಪಾರ ಮಾಡುವುದು ಹೇಗೆ ಎಂಬುದು. ಕಷ್ಟದಲ್ಲಿರುವವರಿಂದ ಅರ್ಧ ಬೆಲೆಗೆ ಒಪ್ಪಂದ ಬರೆಸಿಕೊಳ್ಳಬೇಕು. ಗಡುವಿನೊಳಗೆ ಆ ಕಾಗದವನ್ನು ಬೇರೊಬ್ಬನಿಗೆ ಹೆಚ್ಚಿನ ಬೆಲೆಗೆ ದಾಟಿಸಬೇಕು. ನಡುವಿನದು ನಿಮ್ಮ ಜೇಬಿಗೆ. ಕಷ್ಟದಲ್ಲಿರುವವರು ಎಂದು ಅವನು ಹೇಳಲಿಲ್ಲ, ಪಾಪ, ಬಾಯಿ ಒಳ್ಳೆಯದು. ‘ಮಾರೋಕೆ ತುದಿಗಾಲಲ್ಲಿ ನಿಂತವರು’ ಎಂದ.

“ಅವರನ್ನ ಹುಡುಕೋದು ಹೇಗೆ? ಬಡವರ ಬೀದಿಗಳಲ್ಲಿ ನಿಧಾನಕ್ಕೆ ಗಾಡಿ ಓಡಿಸಿ. ಅಂಗಳದ ಹುಲ್ಲು ಮೊಣಕಾಲುದ್ದ ಬೆಳೆದಿದೆಯಾ? ಟಪಾಲು ಡಬ್ಬಿ ತುಂಬಿ ಸುರೀತಿದೆಯಾ? ಬಾಗಿಲ ಮೇಲೆ ಸಾವಿನ ಹೂಚಕ್ರ ತೂಗುಹಾಕಿದಾರಾ? ಅಲ್ಲೇ ಇಳೀರಿ. ಹೆಸರು ಹಿಡಿದು ಮೂರು ಸಲ ಕರೀರಿ. ಆ ಕಡೆ ಜನಕ್ಕೆ ತಮ್ಮ ಹೆಸರು ಕೇಳೋದಂದ್ರೆ ಪ್ರಾಣ. ಬೇಕಾದ್ರೆ ನೋಡಿ.”

ಅವನು ಇಳಿದು ಬಂದು ನನ್ನ ಎದೆಯ ಮೇಲಿನ ಬಿಲ್ಲೆ ಓದಿದ. “ಅರ್ಲೀನ್! ಹೇಗಿದೀಯ ಅರ್ಲೀನ್? ಕಾಫಿ ಘಮ್ ಅಂತಿದೆ ಅರ್ಲೀನ್!”

ನಾನು ನಕ್ಕೆ. ನಗದಿದ್ದರೆ ಸಂಜೆಯೊಳಗೆ ಮ್ಯಾನೇಜರ್ ಕೆಲಸದಿಂದ ಕಿತ್ತುಹಾಕುತ್ತಿದ್ದ. “ನೋಡಿದ್ರಾ?” ಎಂದ ಅವನು. ಚಪ್ಪಾಳೆಯೋ ಚಪ್ಪಾಳೆ. ಮೊದಲ ಸಾಲಿನ ಕೆಂಗೂದಲಿನ ಹುಡುಗನೊಬ್ಬ ಎಲ್ಲರಿಗಿಂತ ಜೋರಾಗಿ ತಟ್ಟಿ, ನನ್ನ ಮುಖವನ್ನೂ ನೋಡದೆ ಲೋಟ ಚಾಚಿದ. ಕುದಿಯುವ ಕಾಫಿಯ ಜಗ್ಗು ನನ್ನ ಕೈಯಲ್ಲೇ ಇತ್ತು. ಲೋಟಕ್ಕೇ ಬಗ್ಗಿಸಿದೆ.

ನಮ್ಮ ಬೀದಿಯಲ್ಲಿ ಹಿರಿಯ ಹೆಂಗಸನ್ನು ಯಾರೂ ಬರೀ ಹೆಸರು ಹಿಡಿದು ಕರೆಯುವುದಿಲ್ಲ. ಮುಂದೆ ‘ಮಿಸ್’ ಸೇರಿಸದಿದ್ದರೆ ಹೆತ್ತವ್ವನೇ ಕೆನ್ನೆಗೆ ಬಾರಿಸುತ್ತಾಳೆ. ನಮ್ಮ ಅಜ್ಜಿಯರನ್ನು ಬಿಳಿಯರ ಮನೆಯಲ್ಲಿ ಹಾಲುಹಲ್ಲಿನ ಮಕ್ಕಳು ಕೂಡ ಬರೀ ಹೆಸರಿನಿಂದ ಕೂಗುತ್ತಿದ್ದರು. ಸಾಯುವವರೆಗೂ ಕೂಗಿದರು. ಆ ಸಂಕಟ ನಮ್ಮ ಎದೆಯಿಂದ ಇಳಿದಿಲ್ಲ, ಇಳಿಯುವುದೂ ಬೇಡ.

ಆ ತಿಂಗಳೇ ನಮ್ಮ ಎದುರು ಮನೆಯ ಮಿಸ್ಟರ್ ರೇಫರ್ಡ್ ತೀರಿಕೊಂಡರು. ಹೆಂಡತಿ ಮಿಸ್ ಒಡೆಲ್ಲಾ ಒಬ್ಬರೇ ಉಳಿದರು. ಅವರ ಬಾಗಿಲಿಗೆ ಕಪ್ಪು ರಿಬ್ಬನ್ನಿನ ಬಿಳಿ ಹೂಚಕ್ರ ಬಂತು. ಇಲ್ಲಿ ದನಿ ತಗ್ಗಿಸಿ, ಏನಾದರೂ ಅಡುಗೆ ಮಾಡಿಕೊಂಡು ಬನ್ನಿ ಎಂದು ಅದರ ಅರ್ಥ. ಇಡೀ ಬೀದಿ ಮಾಡಿಕೊಂಡು ಬಂತು. ಮಣ್ಣು ಮುಗಿದ ಮೇಲೆ ಆ ಮನೆಯಲ್ಲಿ ಕರಿದ ಕ್ಯಾಟ್‌ಫಿಶ್ಶು, ಸ್ಪಗೆಟ್ಟಿ, ಬೇಯಿಸಿದ ಸೊಪ್ಪು, ಕಾಲಿಡಲು ಜಾಗವಿಲ್ಲದಷ್ಟು ಜನ.

ನಾನು ಪಾಳಿ ಮುಗಿಸಿ ಹೋಟೆಲಿನ ಸಮವಸ್ತ್ರದಲ್ಲೇ ಓಡಿಬಂದೆ. ಬಂದು ನೋಡಿದರೆ ಸೋಫಾದ ಮೇಲೆ ಅದೇ ಕೆಂಗೂದಲು. ತೊಡೆಯ ಮೇಲೆ ಅಂಗಡಿಯ ಕೇಕಿನ ಡಬ್ಬಿ, ಒಂದು ಕೈಯಲ್ಲಿ ಮಿಸ್ ಒಡೆಲ್ಲಾರ ಕೈ.

“ನಿನ್ನ ನೋವು ನಂಗೆ ಅರ್ಥ ಆಗುತ್ತೆ ಒಡೆಲ್ಲಾ. ವರಾಂಡದ ಹಲಗೆ ಕೊಳೆತಿದೆ ಅಂತ ನಗರಸಭೆಗೆ ಯಾರೋ ದೂರು ಕೊಟ್ಟಿದಾರೆ. ದಂಡ ಹಾಕ್ತಾರೆ. ಈ ವಯಸ್ಸಲ್ಲಿ ನಿನಗ್ಯಾಕೆ ಒಡೆಲ್ಲಾ ಅವರ ಕಾಟ? ಎಲ್ಲಾ ನಾನು ನೋಡ್ಕೋತೀನಿ.”

ಜನರನ್ನು ತಳ್ಳಿಕೊಂಡು ನಾನು ಮುಟ್ಟುವಷ್ಟರಲ್ಲಿ ಅವನು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದ. ನನ್ನ ಪಕ್ಕದಲ್ಲೇ ದಾಟಿ ಹೋದ. ನನ್ನ ಗುರುತೇ ಸಿಗಲಿಲ್ಲ ನನ್ಮಗನಿಗೆ.

“ಯಾವನ್ರೀ ಅವ್ನು?” ಎಂದೆ.

“ಹೂಳೋ ಖರ್ಚಿನ ವಿಮೆಯೋನಲ್ವಾ?” ಎಂದರು ಪಕ್ಕದ ಮನೆಯ ಮಿಸ್ಟರ್ ಪರ್ವಿಸ್, ಮೀನಿನ ತಟ್ಟೆ ಹಿಡಿದುಕೊಂಡೇ. “ಪೆನ್ನು ಹಿಡ್ಕಂಡ್ ಸತ್ತ ಮನೆಗೆ ಬರೋರು ಇನ್ಯಾರಿದಾರೆ? ನಾನೇ ಕಣವ್ವ ಕೂರ್ಸಿದ್ದು. ತಿನ್ನಪ್ಪ ಅಂತ ಬಡಿಸ್ದೆ ಬೇರೆ.”

ಅವನ ಹೆಸರು ಕೋಲ್ಬಿ ಎಂದು, ಮಿಸ್ ಒಡೆಲ್ಲಾರಿಂದ ಸಹಿ ಹಾಕಿಸಿಕೊಂಡು ಬಿಟ್ಟುಹೋಗಿದ್ದ ಕಾಗದದ ಪ್ರತಿ ಹೇಳಿತು. ಮಿಸ್ಟರ್ ಪರ್ವಿಸ್ ಮರುದಿನ ಅವರ ವರಾಂಡದಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದಿದರು. ಓದುತ್ತಾ ಅವರ ದನಿ ಏರಿತು. ಮನೆ ಅರ್ಧ ಬೆಲೆಗೆ. ಯಾರಿಗೆ ಬೇಕಾದರೂ ದಾಟಿಸುವ ಹಕ್ಕು ಅವನಿಗೆ.

“ಹಡಬೆ ನನ್ಮಗ! ನನ್ ಕೈಯಿಂದ್ಲೇ ಮೀನ್ ತಿಂದು ಇವ್ರ ಮನೆ ತಿಂದ್ನಲ್ಲ ಸೂಳೆಮಗ! ಬರ್ಲಿ, ಗಾಡಿ ನಾಕ್ ಚಕ್ರನೂ ಕುಯ್ತೀನಿ.”

“ಕುಯ್ರಿ. ಪೊಲೀಸ್ರು ನಿಮ್ಮನ್ ಕುಯ್ತಾರೆ,” ಎಂದೆ. ಹೋಟೆಲಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ದೂರು ಕೊಟ್ಟವನೂ ಅವನೇ ಇರಬೇಕು, ಅದೂ ಅವರ ಪಾಠದಲ್ಲಿತ್ತು. “ಅವನ ಹತ್ರ ಬಿಡಿಗಾಸೂ ಇಲ್ಲ. ಕಾಗದ ಕೊಳ್ಳೋನು ಸಿಗ್ಲಿಲ್ಲ ಅಂದ್ರೆ, ಗಡುವು ಮುಗೀತಿದ್ದಂಗೆ ಅದು ರದ್ದಿ. ಹುಲ್ಲು ನೋಡಿ, ಹೂಚಕ್ರ ನೋಡಿ ಮನೆ ಗುರ್ತು ಹಿಡೀತಾರಂತೆ. ನಮ್ಮಂಥೋರಿಗೆ ತುದಿಗಾಲಲ್ಲಿ ನಿಂತೋರು ಅಂತ ಹೆಸರು.”

ಪಕ್ಕದ ಕುರ್ಚಿಯಲ್ಲಿದ್ದ ಮಿಸ್ ಒಡೆಲ್ಲಾ ತಮ್ಮ ಊದಿದ ಪಾದಗಳನ್ನು ನೋಡಿಕೊಂಡರು. “ತುದಿಗಾಲಾ? ಈ ಕಾಲಲ್ಲಿ ಬಚ್ಚಲಿಗೆ ಹೋಗಕ್ಕೇ ಇಬ್ರು ಬೇಕು.” ಆಮೇಲೆ ಬಾಗಿಲ ಕಡೆ ತಿರುಗಿದರು. “ಈ ಹೂ ನೋಡ್ಕಂಡ್ ಬಂದ್ನಾ ಅವ್ನು? ನನ್ ಗಂಡನ್ ಹೂವಾ?”

“ಹೂಂ, ಮಿಸ್ ಒಡೆಲ್ಲಾ.”

ಅಳುತ್ತಾರೆಂದುಕೊಂಡೆ, ಅಳಲಿಲ್ಲ. “ಚರ್ಚಿನ ಹೆಂಗಸ್ರಿಗೆಲ್ಲ ಹೇಳೇ ಅರ್ಲೀನ್. ಹೂ ಬೇಕಂತೆ ಅವನ್ಗೆ. ಕಣ್ತುಂಬ ತೋರ್ಸಣ.”

ಶನಿವಾರ ಕೋಲ್ಬಿ ಕೊಳ್ಳುವವನನ್ನು ಕರೆದುಕೊಂಡು ಬಂದ. ಹೊಳೆಯುವ ಬೂಟಿನ ನಡುವಯಸ್ಸಿನ ಮನುಷ್ಯ. ಗಾಡಿ ಬೀದಿಗೆ ತಿರುಗಿದ್ದೇ ನಿಧಾನವಾಯಿತು. ಎಡಕ್ಕೆ ಮೊದಲ ಮನೆಯ ಬಾಗಿಲಿಗೆ ಹೂಚಕ್ರ. ಬಲಕ್ಕೂ ಹೂಚಕ್ರ. ಬೀದಿಯ ಕೊನೆಯವರೆಗೂ ಒಂದು ಬಾಗಿಲೂ ಬರಿದಾಗಿರಲಿಲ್ಲ. ಎಲ್ಲ ವರಾಂಡಗಳಲ್ಲೂ ನಾವು ಮಣ್ಣಿಗೆ ಹೋಗುವ ಕಪ್ಪು ಬಟ್ಟೆ ತೊಟ್ಟು, ಟೋಪಿ ಇಟ್ಟು, ಮಾತಿಲ್ಲದೆ ಕೂತಿದ್ದೆವು. ಅಂಗಳದ ಹುಲ್ಲನ್ನೆಲ್ಲ ಬೆಳಗ್ಗೆಯೇ ಕತ್ತರಿಸಿದ್ದೆವು.

ಕೊಳ್ಳುವವನು ಇಳಿದು ಆ ಕಡೆ ಈ ಕಡೆ ನೋಡಿದ. ಮಿಸ್ಟರ್ ಪರ್ವಿಸ್ ಅವರ ಬಳಿಗೆ ಬಂದು ದನಿ ತಗ್ಗಿಸಿ ಕೇಳಿದ: “ಏನಾಯ್ತು ಇಲ್ಲಿ? ಯಾರು ಹೋದ್ರು?”

ಮಿಸ್ಟರ್ ಪರ್ವಿಸ್ ಅವನನ್ನು ಬೂಟಿನಿಂದ ನೆತ್ತಿಯವರೆಗೆ ಸಾವಕಾಶ ನೋಡಿದರು.

“ಇನ್ನೂ ಯಾರೂ ಹೋಗಿಲ್ಲ,” ಎಂದರು.

ಅವನು ಮನೆಯೊಳಗೆ ಕಾಲಿಡಲಿಲ್ಲ. ಗಾಡಿಯಲ್ಲಿ ಕೂತು ಬಾಗಿಲು ಹಾಕಿಕೊಂಡ. ಕೋಲ್ಬಿಯ ಮುಖ ಅವನ ಕೂದಲಿನ ಬಣ್ಣಕ್ಕೆ ತಿರುಗಿತು. “ಒಡೆಲ್ಲಾ!” ಎಂದು ಅರಚಿದ. “ಏನಿದು ಒಡೆಲ್ಲಾ? ನೀನು ಸಹಿ ಹಾಕಿದೀಯ! ಒಡೆಲ್ಲಾ!”

ಮೂರು ಸಲ ಸರಿಯಾಗಿ ಆಯಿತು. ಪಾಠ ಚೆನ್ನಾಗಿ ಕಲಿತಿದ್ದ.

“ಯಾರನ್ನ ಕರೀತಿದ್ದೀಯೋ?” ಎಂದೆ ನಾನು ಎದುರಿನ ನಮ್ಮ ವರಾಂಡದಿಂದ. “ಅಂಥೋಳು ಈ ಬೀದೀಲಿಲ್ಲ.”

“ಇಲ್ಲ,” ಎಂದಿತು ಮುಂದಿನ ವರಾಂಡ. “ಇಲ್ಲ,” ಎಂದಿತು ಅದರಾಚೆಯದು.

ಮಿಸ್ ಒಡೆಲ್ಲಾ ಕುರ್ಚಿಯಿಂದ ಏಳಲಿಲ್ಲ. “ಮಿಸ್ ಒಡೆಲ್ಲಾ ಅಂತ ಒಬ್ಳಿದಾಳೆ. ಅವ್ಳು ತುದಿಗಾಲಲ್ಲಿ ನಿಂತಿಲ್ಲ ಕಣೋ. ಎರಡೂ ಪಾದ ಊರಿ ಕೂತವ್ಳೆ. ಕರಿಯೋದಿದ್ರೆ ಸರಿಯಾಗ್ ಕರಿ.”

ಅವನ ಬಾಯಿ ತೆರೆಯಿತು. ಆ ಒಂದು ಪುಟ್ಟ ಮಾತು ಅದರಿಂದ ಹೊರಡಲಿಲ್ಲ. ಮನೆ ಬೇಕಿತ್ತು ಅವನಿಗೆ, ಆದರೂ ಹೊರಡಲಿಲ್ಲ. ಮೆಟ್ಟಿಲ ಪಕ್ಕದ ಹೂಕುಂಡವನ್ನು ಒದ್ದು ಗಾಡಿ ಹತ್ತಿದ.

ನಾವು ಯಾರೂ ಕೇಕೆ ಹಾಕಲಿಲ್ಲ. ಗಡುವಿಗೆ ಇನ್ನೂ ಎರಡು ವಾರ ಇತ್ತು. ಊರಲ್ಲಿ ಕೊಳ್ಳುವವರಿಗೇನು ಬರ. ನಾನು ರಸ್ತೆ ದಾಟಿ ಹೋಗಿ ಕುಂಡದ ಚೂರುಗಳನ್ನು ಆರಿಸತೊಡಗಿದೆ.

“ಅದನ್ನ ಆಮೇಲ್ ಬಳೀವಂತೆ ಬಿಡು,” ಎಂದರು ಮಿಸ್ ಒಡೆಲ್ಲಾ, ಅವನು ಹೋದ ತಿರುವಿನಿಂದ ಕಣ್ಣು ತೆಗೆಯದೆ. “ನಾಳೆ ಇನ್ನೊಬ್ಬನ್ನ ಕರ್ಕಂಡ್ ಬತ್ತಾನೆ. ಎಲ್ಲಾ ಬಾಗ್ಲು ಹೂವಿಗೂ ನೀರ್ ಚಿಮುಕ್ಸೇ ಅರ್ಲೀನ್, ಬಾಡಬಾರ್ದು.”