ಹನ್ನೆರಡನೆಯ ಮುದ್ರೆ

ಸಂಬಳದ ದಿನ ಸಾಲದಂಗಡಿಯ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ತುಂಬ ಜನ ನಿಂತಿರುತ್ತಾರೆ. ಸಾಲದಂಗಡಿಯ ಮುಂದೆ ಯಾರು ತಾನೇ ನಗುತ್ತಾರೆ? ಆದರೂ ಒಬ್ಬ ನಗುತ್ತಿದ್ದ. ಅವನು ಶಾಲಾ ಬಸ್ಸಿನ ಚಾಲಕ. ಮಕ್ಕಳು ಇಟ್ಟ ಹೆಸರು ಹಾರ್ನ್ ಮಾಮ. ಈಗ ದೊಡ್ಡವರೂ ಹಾಗೇ ಕರೆಯುತ್ತಿದ್ದರು.

"ಹನ್ನೊಂದನೇದು ಕಣಮ್ಮ, ನೆಟ್ಟಗೆ ಒತ್ತು. ಹೋದ ತಿಂಗಳು ಸೊಟ್ಟಗೆ ಬಿದ್ದಿತ್ತು," ಎನ್ನುತ್ತ ಅವನು ಗಾಜಿನ ಕೆಳಗಿನ ಕಿಂಡಿಯಿಂದ ಹಳದಿ ಕಾರ್ಡನ್ನೂ ಸಾವಿರದ ಐನೂರನ್ನೂ ತಳ್ಳಿದ.

ಗುಮಾಸ್ತೆ ಹಣ ಎಣಿಸಿಕೊಂಡು, ಕೈಕುಲುಕುವ ಚಿತ್ರದ ನೀಲಿ ಮುದ್ರೆ ಒತ್ತಿದಳು. ಕಾರ್ಡಿನಲ್ಲಿ ಹನ್ನೆರಡು ಚೌಕಗಳಿದ್ದವು. ಎಲ್ಲ ತುಂಬಿದವರಿಗೆ ಅಂಗಡಿಯ ಕಡೆಯಿಂದ ಒಂದು ಗೋಡೆ ಗಡಿಯಾರ ಉಡುಗೊರೆ. ಗಡಿಯಾರಗಳ ಪೆಟ್ಟಿಗೆ ಅವಳ ಕುರ್ಚಿಯ ಹಿಂದೆಯೇ ಇತ್ತು.

"ಇನ್ನೊಂದೇ ಒಂದು ಮುದ್ರೆ," ಎಂದ ಹಾರ್ನ್ ಮಾಮ. "ಕಾರ್ಡ್ ತುಂಬ್ತು, ಸಾಲ ತೀರ್ತು. ಅಬ್ಬಾ, ಒಂದು ವರ್ಷ ಹೆಂಗೆ ಕಳೀತು ನೋಡು!"

ಗುಮಾಸ್ತೆ ಕಾರ್ಡನ್ನು ಹಿಂದಕ್ಕೆ ಕೊಡದೆ ಹಿಡಿದುಕೊಂಡಳು. ಸಾಲ ಎಲ್ಲಿ ತೀರುತ್ತದೆ? ತಿಂಗಳು ತಿಂಗಳು ಅವನು ಕಟ್ಟುತ್ತಿದ್ದದ್ದು ವಾಯಿದೆ ಮುಂದೂಡುವ ಶುಲ್ಕ ಮಾತ್ರ. ಕಣ್ಣಿನ ಪೊರೆ ತೆಗೆಸಲು ಅವನು ತೆಗೆದುಕೊಂಡ ಹತ್ತು ಸಾವಿರದಲ್ಲಿ ಹತ್ತು ಪೈಸೆಯೂ ಇಳಿದಿರಲಿಲ್ಲ. ಅದೆಲ್ಲ ಕರಾರು ಪತ್ರದ ಮೂರನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಪೊರೆ ಬಂದ ಕಣ್ಣಿನಲ್ಲಿ ಸಹಿ ಹಾಕಿದವನಿಗೆ ಮೂರನೆಯ ಪುಟ ಕಾಣುವುದುಂಟೇ! ದೃಷ್ಟಿ ಬಂದ ಮೇಲೆ ಅವನ ಕೈಯಲ್ಲಿದ್ದದ್ದು ಕಾರ್ಡು, ಕಾರ್ಡಿನ ಮೇಲೆ ಇದ್ದದ್ದು ಬರೀ ಚೌಕ.

ಅವಳು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಮಾಲೀಕರು ಬಂದರು. ಅಂಗಡಿಯಲ್ಲಿ ಅವರದೊಂದು ನಿಯಮವಿತ್ತು: ಗಿರಾಕಿ ಕೇಳಿದರೆ ಹೇಳು, ಕೇಳದಿದ್ದರೆ ಸುಮ್ಮನಿರು. ಗಂಡ ಕೈಬಿಟ್ಟು ಹೋದ ವರ್ಷ ಅವಳಿಗೆ ಕೆಲಸ ಕೊಟ್ಟವರು ಇವರೇ. ಮನೆ ಬಾಡಿಗೆ, ತಾಯಿಯ ಔಷಧಿ ಎಲ್ಲವೂ ಈ ಕುರ್ಚಿಯಿಂದಲೇ ನಡೆಯಬೇಕು.

"ಮಾಮಾ, ನಾಳೆ ನೀವು ನಮಗೊಂದು ಉಪಕಾರ ಮಾಡ್ಬೇಕು," ಎಂದರು ಮಾಲೀಕರು. "ಸರ್ಕಾರದವರು ನಮ್ಮಂಥ ಅಂಗಡಿಗಳಿಗೆ ಕಾನೂನು ತರ್ತಾರಂತೆ. ಶುಲ್ಕಕ್ಕೆ ಮಿತಿಯಂತೆ, ಎರಡು ಸಲಕ್ಕಿಂತ ಹೆಚ್ಚು ವಾಯಿದೆ ಮುಂದೂಡೋ ಹಾಗಿಲ್ಲವಂತೆ. ಜನರ ಮಾತು ಕೇಳೋಕೆ ಸಮಿತಿ ಕೂತಿದೆ. ಬಂದು ನಾಲ್ಕು ಮಾತಾಡಿ."

"ಅದಕ್ಕೇನಂತೆ! ಕಷ್ಟಕ್ಕಾದೋರು ನೀವು. ಕಾರ್ಡನ್ನೂ ತಗೊಂಡು ಬರ್ತೀನಿ, ತೋರಿಸೋಣ."

ಗುಮಾಸ್ತೆ ಮಾಲೀಕರ ಮುಖ ನೋಡಿದಳು. ಅವರು ಗಡಿಯಾರದ ಪೆಟ್ಟಿಗೆ ನೋಡುತ್ತಿದ್ದರು.

ಮರುದಿನ ಸರ್ಕಾರಿ ಕಚೇರಿಯ ಮೂರನೆಯ ಮಹಡಿಯಲ್ಲಿ, ಮಾಲೀಕರ ಜೊತೆ ಬಂದಿದ್ದ ಗುಮಾಸ್ತೆಯೂ ಹಾರ್ನ್ ಮಾಮನೂ ಬೆಂಚಿನ ಮೇಲೆ ಬೆಳಗಿನಿಂದ ಕಾದದ್ದೇ ಬಂತು. ಮಧ್ಯಾಹ್ನ ಮೂರಾದರೂ ಇವರ ಸರದಿ ಬಂದಿರಲಿಲ್ಲ. ಮಾಲೀಕರು ಮೊದಲ ಸಾಲಿನಲ್ಲಿ ವಕೀಲರೊಂದಿಗೆ ಪಿಸುಗುಡುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹಾರ್ನ್ ಮಾಮ ಪದೇ ಪದೇ ಗಡಿಯಾರ ನೋಡುತ್ತಿದ್ದ.

"ಏನು ಮಾಮ, ಬಸ್ಸಿಗೆ ಹೊತ್ತಾಯ್ತಾ?" ಎಂದಳು ಗುಮಾಸ್ತೆ.

"ಇವತ್ತು ರಜೆ ಹಾಕಿದೀನಿ. ನಾಲ್ಕು ಗಂಟೆಗೆ ನಮ್ಮನೆಯವಳು, ನಿಮ್ಮತ್ತೆ, ಕೆಲಸಕ್ಕೆ ರಾಜೀನಾಮೆ ಕೊಡ್ತಾಳೆ, ಅದಕ್ಕೇ ನೋಡ್ತಿದೀನಿ." ಅವನು ದನಿ ತಗ್ಗಿಸಿದ. "ಮೀನಿನ ಶೀತಲ ಗೋದಾಮಿನಲ್ಲಿ ಅವಳ ಕೆಲಸ. ಬೆರಳುಗಳೆಲ್ಲ ಮರಗಟ್ಟಿವೆ. ರವಿಕೆ ಗುಂಡಿ ಹಾಕ್ಕೊಳ್ಳೋಕೂ ಆಗಲ್ಲ, ನಾನೇ ಹಾಕ್ಬೇಕು. ನಗ್ತೀಯಾ? ನಗು. ಒಂದು ತಿಂಗಳು ಮೊದಲೇ ಬರೆದು ಕೊಡ್ಬೇಕಂತೆ. ಕಾರ್ಡ್ ತುಂಬೋ ಹೊತ್ತಿಗೆ ಅವಳು ಮನೇಲಿರ್ತಾಳೆ. ಅವಳ ಜಾಗಕ್ಕೆ ಆಗಲೇ ನಾಲ್ಕು ಜನ ಕಾಯ್ತಿದಾರೆ. ಕೊಟ್ಟ ಕಾಗದ ವಾಪಸ್ ತಗೊಳ್ಳೋ ಹಾಗಿಲ್ಲ."

ಗುಮಾಸ್ತೆಗೆ ನಗು ಬರಲಿಲ್ಲ. "ಮಾಮ..." ಎಂದಳು. ಮಾಲೀಕರು ಹಿಂತಿರುಗಿ ನೋಡಿದರು. "ನೀರು ಕುಡೀತೀರಾ?" ಎಂದುಬಿಟ್ಟಳು. ತನ್ನ ಬಗ್ಗೆ ಅವಳಿಗೇ ಹೇಸಿಗೆಯಾಯಿತು.

ಮೂರೂಕಾಲಿಗೆ ಮಾಲೀಕರ ಸರದಿ ಬಂತು. ಅವರು ಚೆನ್ನಾಗಿಯೇ ಮಾತಾಡಿದರು.

"ನಾನೂ ಲಾರಿ ಕ್ಲೀನರ್ ಆಗಿದ್ದವನು ಮೇಡಂ. ಬ್ಯಾಂಕಿನವರು ನನಗೆ ಕೂರೋಕೂ ಹೇಳಲಿಲ್ಲ. ನೀವು ಕಾನೂನು ಮಾಡಿ, ನಾನು ಬೀಗ ಹಾಕ್ಕೊಂಡು ಹೋಗ್ತೀನಿ. ಆಮೇಲೆ ಮಗುಗೆ ಜ್ವರ ಬಂದ್ರೆ ಇವರು ಯಾರ ಬಾಗಿಲು ತಟ್ಟಬೇಕು? ಚಾಕು ತೋರಿಸಿ ವಸೂಲಿ ಮಾಡೋರ ಬಾಗಿಲನ್ನೇ? ಹತ್ತರಲ್ಲಿ ಮೂರು ಜನ ನನಗೆ ವಾಪಸ್ ಕೊಡಲ್ಲ. ಶುಲ್ಕ ಇಲ್ಲದೆ ನಾನು ಹೇಗೆ ನಡೆಸಲಿ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಕೇಳುತ್ತಿದ್ದವರಲ್ಲಿ ಕೆಲವರು ತಲೆದೂಗಿದರು. ಆಸ್ಪತ್ರೆಯ ದಾದಿಯೊಬ್ಬಳು ಎದ್ದು, "ನಾನು ತಗೊಂಡಿದ್ದು ಐದು ಸಾವಿರ, ಕಟ್ಟಿದ್ದು ಹದಿನೆಂಟು. ಇದಕ್ಕೆ ಉಪಕಾರ ಅಂತೀರಾ?" ಎಂದಾಗ ಉಳಿದವರು ತಲೆದೂಗಿದರು. ಸಮಿತಿಯ ಅಧ್ಯಕ್ಷೆ ಎರಡನ್ನೂ ಬರೆದುಕೊಂಡು ಮುಂದಿನವರನ್ನು ಕರೆದರು.

ಹಾರ್ನ್ ಮಾಮ ಮೈಕಿನ ಮುಂದೆ ನಿಂತಾಗ ಮೂರೂವರೆ ದಾಟಿತ್ತು.

"ಈ ಅಂಗಡಿ ಮುಚ್ಚಬೇಡಿ ತಾಯಿ. ನನ್ನ ಕಣ್ಣು ಉಳಿಸಿದ್ದು ಇವರೇ. ಒಂದು ದಿನವೂ ತಪ್ಪದೆ ಕಟ್ಟಿದೀನಿ, ನೋಡಿ," ಎಂದು ಕಾರ್ಡನ್ನು ಎತ್ತಿ ಹಿಡಿದ. "ಹನ್ನೊಂದು ಮುದ್ರೆ. ಮುಂದಿನ ತಿಂಗಳು ಒಂದು ಬಿದ್ದರೆ ಸಾಲ ಮುಗೀತು."

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. "ಒಂದು ನಿಮಿಷ. ಹನ್ನೆರಡು ಮುದ್ರೆಗೆ ಸಾಲ ಮುಗಿಯುತ್ತಾ? ಅಂಗಡಿಯವರು ಯಾರಾದರೂ ಹೇಳ್ತೀರಾ?"

ಮಾಲೀಕರು ಎದ್ದರು. "ಅದು... ಲೆಕ್ಕದ ವಿಷಯ ಮೇಡಂ, ಆಮೇಲೆ ಲಿಖಿತವಾಗಿ ಕೊಡ್ತೀವಿ."

"ಮುದ್ರೆ ಹಾಕೋರು ಯಾರು?"

ಹಾರ್ನ್ ಮಾಮ ಅಭಿಮಾನದಿಂದ ಹಿಂದಕ್ಕೆ ಕೈ ತೋರಿಸಿದ. "ಅಲ್ಲಿ ಕೂತಿದಾಳಲ್ಲ, ನಮ್ಮ ಹುಡುಗಿ. ಕೇಳಿ ಬೇಕಾದ್ರೆ."

ಗುಮಾಸ್ತೆ ಎದ್ದು ನಿಂತಳು. ಮಾಲೀಕರ ಕಣ್ಣು ಅವಳ ಮೇಲಿತ್ತು, ಗೋಡೆಯ ಗಡಿಯಾರ ಮೂರು ನಲವತ್ತೆರಡು ತೋರಿಸುತ್ತಿತ್ತು. ಬಾಡಿಗೆ ನೆನಪಾಯಿತು, ತಾಯಿ ನೆನಪಾದಳು. ಗುಂಡಿ ಹಾಕಿಕೊಳ್ಳಲಾಗದ ಬೆರಳುಗಳೂ ನೆನಪಾದವು.

"ಇಲ್ಲ ಮಾಮ," ಎಂದಳು. ಅಧ್ಯಕ್ಷೆಯನ್ನು ನೋಡದೆ ಅವನನ್ನೇ ನೋಡಿ ಹೇಳಿದಳು. "ನೀವು ಕಟ್ಟಿದ್ದೆಲ್ಲ ಬರೀ ಶುಲ್ಕ. ಹದಿನಾರೂವರೆ ಸಾವಿರ ಕಟ್ಟಿದೀರಿ. ಅಸಲು ಹತ್ತು ಸಾವಿರ ಹಾಗೇ ಇದೆ. ಕಾರ್ಡ್ ತುಂಬಿದ್ರೆ ಗಡಿಯಾರ ಕೊಡ್ತೀವಿ, ಅಷ್ಟೇ. ಆಮೇಲೆ ಇನ್ನೊಂದು ಕಾರ್ಡ್."

ಹಾರ್ನ್ ಮಾಮ ಕಾರ್ಡನ್ನು ಕಣ್ಣಿನ ಹತ್ತಿರ ತಂದು ನೋಡಿದ. ತಿರುಗಿಸಿ ಹಿಂಬದಿಯನ್ನೂ ನೋಡಿದ. ಅಲ್ಲಿ ಏನೂ ಇರಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹನ್ನೊಂದು ತಿಂಗಳು ನಗ್ತಾ ಒತ್ತಿಕೊಟ್ಟೆಯಲ್ಲೇ ಮಗಳೇ."

ಅವಳು ಕೈಚೀಲದಿಂದ ತನ್ನ ಫೋನು ತೆಗೆದು ಅವನ ಕೈಗಿಟ್ಟಳು. "ಮೊದಲು ಅತ್ತೆಗೆ ಮಾಡಿ. ಇನ್ನೂ ನಾಲ್ಕಾಗಿಲ್ಲ."

ಅವನು ಬಾಗಿಲ ಬಳಿ ಹೋಗಿ ಮಾತಾಡಿದ. ಅಷ್ಟು ದೊಡ್ಡ ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ, ಆದ್ದರಿಂದ ಎಲ್ಲರಿಗೂ ಕೇಳಿಸಿತು. "ಆ ಕಾಗದ ಕೊಡಬೇಡ ಕಣೇ... ಕೊಟ್ಟಿಲ್ಲ ತಾನೇ? ಸದ್ಯ... ಏನೂ ಆಗಿಲ್ಲ ಮಾರಾಯ್ತಿ, ಅಳಬೇಡ. ಇನ್ನೂ ಸ್ವಲ್ಪ ದಿನ. ಮನೆಗೆ ಬಾ, ಹೇಳ್ತೀನಿ."

ಫೋನು ಹಿಂದಿರುಗಿಸಿ ಅವನು ಮತ್ತೆ ಮೈಕಿನ ಮುಂದೆ ನಿಂತ. ದನಿಯಲ್ಲಿ ಮೊದಲಿನ ಗತ್ತು ಉಳಿದಿರಲಿಲ್ಲ.

"ಅಂಗಡಿ ಮುಚ್ಚಿ ಅಂತ ಈಗಲೂ ಹೇಳಲ್ಲ ತಾಯಿ. ನಾಳೆ ನನಗೇ ಬೇಕಾಗಬಹುದು. ಆದ್ರೆ ಎಷ್ಟು ಬಾಕಿ ಅಂತ ಈ ಕಾರ್ಡಿನ ಮೇಲೆ ಬರೀಲಿ. ದಪ್ಪ ಅಕ್ಷರದಲ್ಲಿ ಬರೀಲಿ. ಒಬ್ಬ ಮನುಷ್ಯನ ಹತ್ರ ಎಷ್ಟು ಸಲ ಅಂತ ಕಿತ್ಕೊಳ್ಳೋದು, ಅದಕ್ಕೂ ಒಂದು ಲೆಕ್ಕ ಇರಲಿ."

ಕಾರ್ಡನ್ನು ಅವಳ ಮುಂದೆ ಚಾಚಿದ. ಗುಮಾಸ್ತೆ ಪೆನ್ನು ತೆಗೆದು, ಖಾಲಿ ಉಳಿದಿದ್ದ ಹನ್ನೆರಡನೆಯ ಚೌಕದಲ್ಲಿ ಬರೆದಳು: ಅಸಲು ಬಾಕಿ ಹತ್ತು ಸಾವಿರ. ಕೆಳಗೆ ಸಹಿ ಹಾಕಿದಳು.

ಮಾಲೀಕರು ಅವಳ ಪಕ್ಕಕ್ಕೆ ಬಂದು ಕೈ ಚಾಚಿದರು. "ಅಂಗಡಿ ಬೀಗದ ಕೈ ಕೊಡಮ್ಮ," ಎಂದರು ಮೆಲ್ಲಗೆ. ಕೊಟ್ಟಳು.

"ಇಂಥ ಕಾರ್ಡುಗಳು ಎಷ್ಟಿವೆ?" ಎಂದು ಅಧ್ಯಕ್ಷೆ ಕೇಳಿದರು.

"ಇನ್ನೂರಾ ಆರು," ಎಂದಳು ಗುಮಾಸ್ತೆ. "ಎಲ್ಲಕ್ಕೂ ಮುದ್ರೆ ಒತ್ತಿದ್ದು ನಾನೇ. ಅದನ್ನೂ ಬರ್ಕೊಳ್ಳಿ."